ಗುಂಡಗಿದ್ದರೆ ಗುಳುಂ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಪ್ರತಿ ವರ್ಷ ಜೀರ್ಣಕ್ರಿಯೆಯ ಪಾಠ ಬಂದಾಗ ಬೋರ್ಡಿನ ಮೇಲೆ ಒಂದು ದೊಡ್ಡ ಬಾಯಿ ಬರೆದು, ಅದರೊಳಗೆ ಸಾಲಾಗಿ ಹಲ್ಲು ಕೂರಿಸಿ, "ಜೀರ್ಣಕ್ರಿಯೆ ಎಲ್ಲಿಂದ ಶುರುವಾಗುತ್ತೆ?" ಎಂದು ಕೇಳುತ್ತೇನೆ. ಯಾರಾದರೂ "ಹೊಟ್ಟೇಲಿ ಸಾರ್" ಎಂದರೆ ಒಳಗೊಳಗೇ ಖುಷಿ. "ಬಾಯಲ್ಲಿ ಕಣ್ಲಾ, ಬಾಯಲ್ಲಿ! ಅಗೀಬೇಕು. ನುಣ್ಣಗೆ ಅಗೀಬೇಕು" ಎಂದು ಡಸ್ಟರಿನಿಂದ ಮೇಜು ಕುಟ್ಟುತ್ತೇನೆ. ಸಂಜೆ ಮನೆಗೆ ಬಂದು ಮುದ್ದೆ ನುಂಗುತ್ತೇನೆ. ಈ ಎರಡಕ್ಕೂ ಏನಾದರೂ ಸಂಬಂಧ ಇರಬಹುದು ಎಂದು ಹದಿನಾರು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ಹೊಳೆದಿರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಬದನೆಕಾಯಿಯ ಜಾಗದಲ್ಲಿ ರಾಗಿಮುದ್ದೆ ಇತ್ತು, ಅಷ್ಟೇ.

ಮಗಳಿಗೆ ಮೂರೂವರೆ ವರ್ಷವಾಗಿ ನರ್ಸರಿಗೆ ಸೇರಿದ ವರ್ಷವೇ ನನ್ನ ಹೆಂಡತಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಶಾಲೆ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಗೆ ಹೋಗುವ ದಾರಿಯಲ್ಲಿ. ನಾವಿರುವುದು ಮಧುಗಿರಿಯಲ್ಲಿ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟರೆ ಸಂಜೆ ಏಳಕ್ಕೆ ವಾಪಸ್. ಅವಳ ತವರು ಪಾವಗಡದಲ್ಲೇ. ಅಣ್ಣನ ಮನೆಯ ಪಕ್ಕದಲ್ಲಿ ಒಂದು ಮನೆ ಬಾಡಿಗೆಗೆ ಖಾಲಿಯೂ ಇತ್ತು. ಹಾಗಾಗಿ ಹೊರಡುವ ಮುಂಚೆ ಅವಳು ನನ್ನನ್ನು ಕೂರಿಸಿಕೊಂಡು ಒಂದು ಕರಾರು ಹಾಕಿದಳು.

"ರೀ, ಒಂದ್ ತಿಂಗ್ಳು ನೋಡ್ತೀನಿ. ಪಾಪು ದಿನಾ ಡಬ್ಬಿ ಖಾಲಿ ಮಾಡ್ಕೊಂಡ್ ಬಂದ್ರೆ ಸರಿ. ತುಂಬಿದ್ದು ತುಂಬಿದಂಗೇ ಬರ್ತಿದ್ರೆ ನಾನು ಅವ್ಳನ್ನ ಕರ್ಕೊಂಡು ಪಾವಗಡದಲ್ಲೇ ಇದ್ಬಿಡ್ತೀನಿ. ನೀವು ಭಾನುವಾರ ಬಂದು ನೋಡ್ಕೊಂಡ್ ಹೋಗಿ."

"ಒಂದು ಊಟದ ಡಬ್ಬಿ ತಾನೇ? ಅದೇನ್ ಮಹಾ!" ಎಂದೆ. ಬೆಳಿಗ್ಗೆ ಎದ್ದರೆ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿರುವ ಮಗಳು ಇಲ್ಲದ ಮನೆ ನನಗೆ ಬೇಡವಾಗಿತ್ತು. ಆದರೆ ಅದನ್ನು ಹಾಗೆಂದು ಹೇಳಿದರೆ ಗಂಡಸಿನ ಗತ್ತು ಎಲ್ಲಿ ಉಳಿಯಬೇಕು?

ಮೊದಲ ವಾರದ ಡಬ್ಬಿಗಳ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಮರ್ಯಾದೆಯ ಪ್ರಶ್ನೆ. ಸೋಮವಾರ ಬಿಸಿಬಿಸಿ ಉಪ್ಪಿಟ್ಟು ತುಂಬಿ ಮುಚ್ಚಳ ಒತ್ತಿದೆ. ಒಳಗಿನ ಹಬೆಗೆ ಮುಚ್ಚಳ ಕಚ್ಚಿಕೊಂಡು ಕೂತಿತು, ನರ್ಸರಿಯಲ್ಲಿ ಯಾರ ಕೈಯಲ್ಲೂ ತೆಗೆಯಲಾಗಲಿಲ್ಲ. ಮಗಳು ಪಕ್ಕದ ಮಗುವಿನ ಬಿಸ್ಕತ್ತು ತಿಂದು ಬಂದಳು. ಮಂಗಳವಾರ ಮೊಸರನ್ನ. ನಮ್ಮೂರಿನ ಬೆಟ್ಟ ಇಡೀ ಒಂದೇ ಬಂಡೆ ಅನ್ನುವುದು ನೋಡುವವರಿಗೆ ಹೆಮ್ಮೆ, ಬೇಸಿಗೆಯಲ್ಲಿ ಅದರ ಬುಡದಲ್ಲಿ ಬಾಳುವವರಿಗೆ ಕಾದ ಹಂಚು. ಹನ್ನೊಂದೂವರೆಗೆ ಡಬ್ಬಿ ತೆರೆದಾಗ ಮೊಸರನ್ನ ಹುಳಿ ಬಂದಿತ್ತು. ಬುಧವಾರ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಇಡ್ಲಿಗೆ ಕ್ಯಾರೆಟ್ಟಿನ ಮೂಗು, ಕರಿಬೇವಿನ ಮೀಸೆ ಇಟ್ಟು ಒಂದು ಮುಖ ಮಾಡಿ ಕಳಿಸಿದೆ. ಇಡ್ಲಿ ವಾಪಸ್ ಬಂತು.

"ಯಾಕಮ್ಮ ತಿನ್ಲಿಲ್ಲ?"

"ಅದು ನಿನ್ ಥರಾನೇ ಇತ್ತು ಅಪ್ಪ. ಪಾಪ ಅನ್ನಿಸ್ತು."

ಅದೇ ವಾರ ನರ್ಸರಿಯಲ್ಲಿ ಪೋಷಕರ ಸಭೆ. ಮಿಸ್ಸು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮಕ್ಕಳ ಡಬ್ಬಿಗೆ ಏನು ಹಾಕಬೇಕು, ಏನು ಹಾಕಬಾರದು ಎಂದು ಅವರೇ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದು. ನಾನು ಅದನ್ನು ನೋಡಿದೆ. ನೋಡಿದ ತಕ್ಷಣ ನನ್ನ ಕೈ ತಾನಾಗಿಯೇ ಜೇಬಿನಲ್ಲಿದ್ದ ಕೆಂಪು ಪೆನ್ನಿಗೆ ಹೋಯಿತು. ಎಂಥ ತಪ್ಪುಗಳು! "ಪೌಷ್ಠಿಕ" ಎಂದಿತ್ತು, ಠಕಾರ ಹೊಡೆದು ಟಕಾರ ಮಾಡಿದೆ. "ಧ್ರಾಕ್ಷಿ" ಎಂದಿತ್ತು, ಸುತ್ತ ಗುಂಡಗೆ ಗೆರೆ ಎಳೆದು, ಪಕ್ಕದಲ್ಲಿ "ದ್ರಾಕ್ಷಿ, ಅಲ್ಪಪ್ರಾಣ" ಎಂದು ಬರೆದೆ. ಒಟ್ಟು ಹನ್ನೊಂದು ತಪ್ಪು ಹಿಡಿದು, ಕೆಳಗೆ ಸಹಿಯನ್ನೂ ಹಾಕಿ ಮಿಸ್ಸಿನ ಕೈಗೆ ಕೊಟ್ಟೆ. ಅವರು "ಥ್ಯಾಂಕ್ಸ್ ಸಾರ್" ಎಂದರು. ಇಷ್ಟು ಸಣ್ಣ ವಯಸ್ಸಿನವರಿಗೆ ತಿದ್ದಿಸಿಕೊಳ್ಳುವ ಗುಣ ಇದೆಯಲ್ಲ ಎಂದು ಮೆಚ್ಚಿಕೊಂಡೇ ಮನೆಗೆ ಬಂದೆ. ಹಾಳೆಯಲ್ಲಿ ಏನು ಬರೆದಿತ್ತು ಎಂದು ಆ ಸಂಜೆ ಯಾರಾದರೂ ಕೇಳಿದ್ದರೆ ನಾನು ಕಾಗುಣಿತವನ್ನಷ್ಟೇ ಹೇಳಬಲ್ಲವನಾಗಿದ್ದೆ.

ಎರಡನೇ ವಾರವೂ ಡಬ್ಬಿ ತುಂಬಿಕೊಂಡೇ ಬರತೊಡಗಿತು. ಹೆಂಡತಿ ಬಸ್ಸಿನಿಂದ ಇಳಿದ ಕೂಡಲೇ ಕೇಳುತ್ತಿದ್ದ ಮೊದಲ ಮಾತು "ಡಬ್ಬಿ?" ನನ್ನ ಉತ್ತರ ದಿನಕ್ಕೊಂದು ಥರ ಇರುತ್ತಿತ್ತು: "ಅರ್ಧ ತಿಂದಿದ್ದಾಳೆ", "ಮುಕ್ಕಾಲಿಗೆ ಸ್ವಲ್ಪ ಕಮ್ಮಿ". ಬಸ್ ಸ್ಟ್ಯಾಂಡಿಗೆ ಹೊರಡುವ ಮುಂಚೆ ಆ ಮುಕ್ಕಾಲನ್ನು ನಾನೇ ತಿಂದಿರುತ್ತಿದ್ದೆ. ಹೆಂಡತಿ ನನ್ನ ಹೊಟ್ಟೆಯನ್ನೊಮ್ಮೆ, ಮಗಳ ಕೆನ್ನೆಯನ್ನೊಮ್ಮೆ ನೋಡುತ್ತಿದ್ದಳು. ಒಂದು ದಿನ ಮಾತಿನ ಮಧ್ಯೆ, "ಅಣ್ಣ ಆ ಮನೆ ಇನ್ನೂ ಯಾರಿಗೂ ಕೊಟ್ಟಿಲ್ವಂತೆ" ಎಂದಳು. ನಾನು ಮಾರನೇ ದಿನ ಬೆಳಿಗ್ಗೆಯೇ ಅಮ್ಮನಿಗೆ ಫೋನು ಮಾಡಿದೆ.

ಅಮ್ಮ ಇರುವುದು ಕೊರಟಗೆರೆ ಕಡೆ, ಸಿದ್ದರಬೆಟ್ಟದ ಕೆಳಗಿನ ಹಳ್ಳಿಯಲ್ಲಿ. ಒಂದು ಚೀಲ ರಾಗಿಹಿಟ್ಟು ಹೊತ್ತುಕೊಂಡು ಬಂದಳು. ಮೊಮ್ಮಗಳ ತೋಳು ಹಿಡಿದು ನೋಡಿ, ನನ್ನ ಕಡೆ ತಿರುಗಿ, "ಲೇ, ಮೇಷ್ಟ್ರಾಗಿ ಏನ್ ಬಂತ್ಲಾ? ಮಗೀಗೆ ಹಿಟ್ಟಿಕ್ಕದ ಬುಟ್ಟು ಗೊಂಬೆ ಮಾಡಿ ಕಳುಸ್ತೀಯಂತಲ್ಲ?" ಎಂದಳು. ನನಗೆ ಹೌದೆನಿಸಿತು. ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟ ಎಂದು ಹೇಳಿಕೊಂಡು ಬೆಳೆದವನು, ಬೆಟ್ಟವನ್ನು ಎದುರಿಗೇ ಇಟ್ಟುಕೊಂಡು ಇಡ್ಲಿಗೆ ಮೀಸೆ ಬರೆಯುತ್ತಿದ್ದೇನಲ್ಲ!

ಆ ಸಂಜೆಯೇ ಮಗಳಿಗೆ ಮುದ್ದೆಯ ದೀಕ್ಷೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವ ಪದ್ಧತಿ ಇಲ್ಲ. ಮುರಿದು, ಬೆರಳಲ್ಲಿ ಗುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ನುಂಗುವುದು. ಹೊಸದಾಗಿ ಊರಿಗೆ ಬಂದ ಬ್ಯಾಂಕಿನವರೋ ಡಾಕ್ಟರೋ ಮುದ್ದೆ ಅಗಿಯುವುದನ್ನು ಕಂಡರೆ ಸುತ್ತಲಿನವರು ನಗು ತಡೆದುಕೊಳ್ಳುತ್ತಾರೆ. ಮಗಳು ಮೊದಲು ಅಗಿದಳು. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬ್ಯಾಡ ಕಣಮ್ಮ, ನುಂಗ್ಬುಡು. ಗುಂಡಗಿದ್ರೆ ನುಂಗದು. ಇಂಗೆ ನೋಡು, ಗುಳುಂ!" ಎಂದು ಅಜ್ಜಿ ಕತ್ತು ಮುಂದೆ ಚಾಚಿ ತೋರಿಸಿದಳು. ನಾನೂ ಸುಮ್ಮನಿರಲಿಲ್ಲ. ಆಟದ ಥರ ಮಾಡಿದೆ. "ಒಂದು, ಎರಡು, ಗುಳುಂ!" ಅವಳು ನುಂಗಿದ ಕೂಡಲೇ ಮನೆಯವರೆಲ್ಲ ಚಪ್ಪಾಳೆ. "ಜಾಣೆ! ಜಾಣೆ ನನ್ ಮಗಳು!" ಮೂರೇ ದಿನಕ್ಕೆ ಪೂರಾ ಕಲಿತಳು. ನನ್ನ ಹೈಸ್ಕೂಲು ಮಕ್ಕಳು ಯಾವುದನ್ನೂ ಇಷ್ಟು ಬೇಗ ಕಲಿತದ್ದಿಲ್ಲ.

ಅಲ್ಲಿಂದ ಡಬ್ಬಿಗೆ ನೆಲ್ಲಿಕಾಯಿ ಗಾತ್ರದ ಪುಟ್ಟ ಮುದ್ದೆಗಳು, ಮೇಲೆ ಸೊಪ್ಪಿನ ಸಾರು. ಡಬ್ಬಿ ಖಾಲಿಯಾಗಿ ಬಂತು. ಮಾರನೇ ದಿನವೂ ಖಾಲಿ. ನರ್ಸರಿಯ ಆಯಾ, ಮಕ್ಕಳಿಗೆ ಊಟ ಮಾಡಿಸುವ ಹೆಂಗಸು, "ನಿಮ್ ಪಾಪು ಐದೇ ನಿಮಿಷಕ್ಕೆ ಮುಗಿಸ್ಬುಡ್ತದೆ ಸಾರ್, ನಂಗೆ ಭಯಾನೇ ಆಯ್ತದೆ" ಎಂದಳು. ಅದನ್ನು ಹೊಗಳಿಕೆ ಎಂದುಕೊಂಡೆ. ಸಂಜೆ ಹೆಂಡತಿ "ಡಬ್ಬಿ?" ಎಂದರೆ ನಾನು ಜಾಗಟೆ ಬಾರಿಸುವವನಂತೆ ಅದನ್ನು ಬೆರಳಿನಿಂದ ಟಣ್ಣೆನಿಸಿ, "ಖಾಲಿ!" ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾನು ಕೇಳದವರಿಗೂ ಸಲಹೆ ಕೊಡತೊಡಗಿದೆ. ಮಕ್ಕಳ ಊಟದ ಬಗ್ಗೆ ಒಂದು ಲೇಖನ ಬರೆಯಬೇಕೆಂದು ಮೊದಲ ವಾಕ್ಯವನ್ನೂ ಬರೆದಿದ್ದೆ. "ಮಗುವಿನ ಊಟವೆಂಬುದು ತಂದೆಯ ತಪಸ್ಸು" ಎಂದು. ಆ ಹಾಳೆ ಈಗಲೂ ಇದೆ, ಯಾರಿಗೂ ತೋರಿಸುವುದಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಶಿರಾದಲ್ಲಿ ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ತರಬೇತಿ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ದ್ರಾಕ್ಷಿ ಕಂಡಿತು. ಹಸಿರಾಗಿ, ಗೋಲಿಯಂತೆ ಗುಂಡಗಿದ್ದವು. "ಲೇಲೋ ಸಾರ್, ಬೀಜ ಇಲ್ಲ. ಶಕ್ಕರ್ ಐತೆ ಶಕ್ಕರ್. ಬಚ್ಚಾಗೆ ಕೊಟ್ರೆ ಹಂಗೇ ನುಂಗ್ಬುಡ್ತದೆ" ಎಂದ ಗಾಡಿಯವನು. ಬೀಜ ಗಂಟಲಿಗೆ ಸಿಕ್ಕೀತೆಂಬ ಮುಂದಾಲೋಚನೆ ನನಗೂ ಇತ್ತು, ಆದ್ದರಿಂದ ಬೀಜವಿಲ್ಲದ್ದು ಸಿಕ್ಕಿತಲ್ಲ ಎಂದು ಅರ್ಧ ಕೆಜಿ ಕಟ್ಟಿಸಿಕೊಂಡೆ. ಬೆಳಿಗ್ಗೆ ಉಪ್ಪುನೀರಿನಲ್ಲಿ ಎರಡು ಸಲ ತೊಳೆದೆ. ಒಂದೊಂದನ್ನೂ ಶುಭ್ರವಾದ ಬಟ್ಟೆಯಲ್ಲಿ ಒರೆಸಿದೆ. ಎಣಿಸಿ ಹನ್ನೆರಡು ಹಣ್ಣನ್ನು ಸಣ್ಣ ಡಬ್ಬಿಯಲ್ಲಿ ಜೋಡಿಸಿದೆ. ಇಷ್ಟು ಶುದ್ಧವಾದ ಡಬ್ಬಿ ಆ ನರ್ಸರಿಗೆ ಅದುವರೆಗೆ ಬಂದಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದು ಮುಕ್ಕಾಲಿಗೆ ಎಂಟನೇ ಕ್ಲಾಸಿನಲ್ಲಿದ್ದೆ. ಫೋನು ಬಂತು. ಮಿಸ್ಸು, "ಸಾರ್, ಪಾಪು ಈಗ ಚೆನ್ನಾಗಿದೆ, ಆದ್ರೆ ನೀವು ತಕ್ಷಣ ಬನ್ನಿ" ಎಂದರು. "ಈಗ" ಎಂಬ ಒಂದು ಪದ ಕೇಳಿ ಕ್ಲಾಸನ್ನು ಹಾಗೇ ಬಿಟ್ಟು ಓಡಿದೆ. ಸ್ಕೂಟರು ಹೇಗೆ ಓಡಿಸಿದೆನೋ ಗೊತ್ತಿಲ್ಲ. ನರ್ಸರಿಯ ಬಾಗಿಲಲ್ಲಿ ಇಳಿದಾಗ ಎಡಗೈಯಲ್ಲಿ ಡಸ್ಟರು ಇನ್ನೂ ಇತ್ತು.

ನಡೆದದ್ದು ಇಷ್ಟು. ಮಗಳು ಮೊದಲ ದ್ರಾಕ್ಷಿಯನ್ನು ನಾಲಿಗೆಯ ಮೇಲಿಟ್ಟುಕೊಂಡು, "ಒಂದು, ಎರಡು" ಎಂದು ತಾನೇ ಎಣಿಸಿ, ಕತ್ತು ಮುಂದೆ ಚಾಚಿ, ನುಂಗಿದ್ದಾಳೆ. ಅದು ಗಂಟಲಲ್ಲಿ ನಿಂತಿದೆ. ಕೆಮ್ಮಲಿಲ್ಲ, ಅಳಲಿಲ್ಲ, ಸದ್ದೇ ಇಲ್ಲ. ಅದನ್ನು ಕಂಡು ಆಯಾ ಎರಡೇ ಹೆಜ್ಜೆಗೆ ಬಂದು, ಮಗುವನ್ನು ತನ್ನ ತೊಡೆಯ ಮೇಲೆ ತಲೆ ಕೆಳಗಾಗಿ ಬೋರಲು ಹಾಕಿಕೊಂಡು, ಬೆನ್ನಿನ ಮಧ್ಯಕ್ಕೆ ಅಂಗೈಯಿಂದ ಬಲವಾಗಿ ಗುದ್ದಿದ್ದಾಳೆ. ನಾಲ್ಕನೇ ಗುದ್ದಿಗೆ ದ್ರಾಕ್ಷಿ ಹೊರಗೆ ಬಂದು ನೆಲದ ಮೇಲೆ ಉರುಳಿದೆ. ಎಲ್ಲೂ ಒಡೆಯದೆ ಇಡಿಯಾಗಿತ್ತಂತೆ.

ಮಗಳು ಆಯಾಳ ಮಡಿಲಲ್ಲಿ ಕೂತಿದ್ದಳು. ಕಣ್ಣು ಕೆಂಪಗಾಗಿದ್ದವು. ನನ್ನನ್ನು ಕಂಡು ತುಟಿ ಸೊಟ್ಟಗಾಯಿತು.

"ಅಪ್ಪ, ನಾನು ಗುಳುಂ ಅಂದೆ. ಅದು ಗುಳುಂ ಅನ್ಲಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅತ್ತೆ. ಮೂರು ಮೂರೂವರೆ ವರ್ಷದ ಇಪ್ಪತ್ತು ಮಕ್ಕಳು ಚಮಚ ಕೈಯಲ್ಲಿ ಹಿಡಿದು ಒಬ್ಬ ಮೇಷ್ಟ್ರು ಅಳುವುದನ್ನು ನೋಡಿದವು. ಆಯಾಗೆ ಕೈ ಮುಗಿದು, "ಇದೆಲ್ಲ ನಿಮಗೆ ಹೇಗೆ ಗೊತ್ತಮ್ಮ?" ಎಂದೆ. ಅವಳು ಗೋಡೆಯ ಕಡೆ ತೋರಿಸಿದಳು.

"ಅದ್ರಾಗೆ ಬರ್ದೈತಲ್ಲ ಸಾರ್. ನಂಗೆ ಓದಕ್ಕೆ ಬರಲ್ಲ. ಮಿಸ್ಸು ಎಲ್ಡು ಮೂರು ಸಲ ಓದಿ ಯೋಳಿದ್ರು, ಗೊಂಬೆ ಮಡಿಕ್ಕಂಡು ಕಲ್ಸುದ್ರು. ಇವತ್ತು ಮಗ ಅದುನ್ನ ಬಾಯಿಗಾಕದು ನಾ ನೋಡ್ಲಿಲ್ಲ ಸಾರ್, ಇನ್ನೊಂದ್ ಮಗೀಗೆ ಕೈ ತೊಳುಸ್ತಿದ್ದೆ."

ಗೋಡೆಯ ಮೇಲೆ ಅಂಟಿಸಿದ್ದು ಆ ಹಾಳೆಯೇ. ಮೈತುಂಬ ಕೆಂಪು ಶಾಯಿ, ಕೆಳಗೆ ನನ್ನ ಸಹಿ. ಮಿಸ್ಸು ಹೊಸದು ಟೈಪು ಮಾಡಲು ಪುರಸೊತ್ತಾಗದೆ, ಮೇಷ್ಟ್ರು ತಿದ್ದಿ ಕೊಟ್ಟದ್ದನ್ನೇ ಅಂಟಿಸಿದ್ದರು. ಐದನೇ ಸಾಲಿನಲ್ಲಿ, ನಾನೇ ಸುತ್ತ ಗೆರೆ ಎಳೆದ ಪದದ ಮುಂದೆ, ನಾನು ಮೊದಲ ಸಲ ಓದಿದೆ: "ದ್ರಾಕ್ಷಿಯನ್ನು ಇಡಿಯಾಗಿ ಕಳಿಸಬೇಡಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಕಡಲೆಬೀಜವನ್ನು ಇಡಿಯಾಗಿ ಹಾಕಬೇಡಿ. ಅಗಿದು ತಿನ್ನುವುದನ್ನು ಮನೆಯಲ್ಲಿ ರೂಢಿಸಿ." ಅದರ ಕೆಳಗೆ, ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದೂ ಇತ್ತು. ಮಹಾಪ್ರಾಣ ತೆಗೆದಿದ್ದೆ. ಮಗುವಿನ ಪ್ರಾಣದ ಮಾತು ಪಕ್ಕದಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಮಿಸ್ಸು ನನಗೆ ಒಂದು ಲೋಟ ನೀರು ತಂದುಕೊಟ್ಟರು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಡಾಕ್ಟರು ಎದೆ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರು. ಮನೆಗೆ ಕರೆದುಕೊಂಡು ಬಂದೆ. ಅಮ್ಮ ವಿಷಯ ಕೇಳಿ, "ನನ್ ಬಾಯಿಗ್ ಬೆಂಕಿ ಬೀಳ, ನಾನೇ ಅಲ್ವೇನ್ಲಾ ಕಲ್ಸಿದ್ದು" ಎಂದು ಮೊಮ್ಮಗಳನ್ನು ತಬ್ಬಿಕೊಂಡು ಕೂತಳು. ಏಳು ಗಂಟೆಯ ಬಸ್ಸಿಗೆ ಬರುವ ಹೆಂಡತಿಯನ್ನು ಕರೆತರಲು ನಾನು ಸ್ಕೂಟರಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಒಂದು ಕಳ್ಳ ಯೋಚನೆ ನನ್ನ ಜೊತೆ ಬಂತು. ಮಗು ಚೆನ್ನಾಗಿದೆ. ಮೂರು ದಿನ ಕಳೆದರೆ ತಿಂಗಳು ಮುಗಿಯುತ್ತೆ. ಈಗಲೇ ಹೇಳಿದರೆ ಪಾವಗಡದ ಆ ಬಾಡಿಗೆ ಮನೆ ನಾಳೆಯೇ ತುಂಬುತ್ತೆ. ಸೋಮವಾರ ಹೇಳಿದರೆ ಆಗದೇ? ಇಂಥ ಯೋಚನೆ ಬಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಬಸ್ಸು ಬಂತು. ಅವಳು ಇಳಿದಳು. ಮುಖವೆಲ್ಲ ಧೂಳು, ಹೆಗಲಲ್ಲಿ ಎರಡು ಬ್ಯಾಗು. ನಗುತ್ತಲೇ ಕೇಳಿದಳು.

"ಡಬ್ಬಿ?"

ಸ್ಕೂಟರಿನ ಡಿಕ್ಕಿಯಿಂದ ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವಳ ಮುಂದೆ ಹಿಡಿದೆ. ಬಸ್ ಸ್ಟ್ಯಾಂಡಿನ ದೀಪದಲ್ಲಿ ಅವಳು ಬಗ್ಗಿ ನೋಡಿದಳು.

"ಹನ್ನೆರಡು ಹಾಕಿದ್ದೆ. ಹನ್ನೊಂದಿದೆ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕೆಂಪು ಪೆನ್ನನ್ನೂ ಬಿಡಲಿಲ್ಲ.

ಹೆದರಿಕೆಯಾದಾಗ ಅವಳ ಬಾಯಲ್ಲಿ ತವರಿನ ತೆಲುಗು ಬರುತ್ತದೆ. "ಪಾಪ ಬಾಗುಂದಾ?" ಎಂದಳು, ಪಾಪು ಚೆನ್ನಾಗಿದ್ದಾಳಾ ಎಂದು.

"ಬಾಗುಂದಿ" ಎಂದೆ. ಅವಳು ಸ್ಕೂಟರಿನ ಹಿಂದೆ ಕೂತು ಮನೆ ಬರುವವರೆಗೂ ನನ್ನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅದು ಕೋಪವೋ ಆಸರೆಯೋ ಗೊತ್ತಾಗಲಿಲ್ಲ.

ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಬೆನ್ನು ಸವರುತ್ತಾ ಬಹಳ ಹೊತ್ತು ಕೂತಳು. ತೀರ್ಪು ಅವಳ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡೋಣವೆಂದು, "ಕರ್ಕೊಂಡು ಹೋಗು. ನನ್ ಕೈಲಿ ಆಗಲ್ಲ. ನಾನು ಭಾನುವಾರ ಬರ್ತೀನಿ" ಎಂದೆ.

"ಡಬ್ಬಿ ಖಾಲಿ ಆಗ್ಬೇಕು ಅಂತ ಪಂದ್ಯ ಕಟ್ಟಿದೋಳು ನಾನೇ ಅಲ್ವಾ?" ಎಂದಳು. "ದಿನಾ ಖಾಲಿ ಡಬ್ಬಿ ನೋಡಿ ಖುಷಿ ಪಟ್ಟೆ. ಎಷ್ಟ್ ಹೊತ್ತಲ್ಲಿ ತಿಂದ್ಳು, ಹೆಂಗ್ ತಿಂದ್ಳು ಅಂತ ಒಂದ್ ದಿನ ಕೇಳ್ಲಿಲ್ಲ." ಆಮೇಲೆ ಎದ್ದು ಹೋಗಿ ಅಡುಗೆಮನೆಯಿಂದ ಚಾಕು ಮತ್ತು ತಟ್ಟೆ ತಂದು ನನ್ನ ಮುಂದಿಟ್ಟಳು. ಹನ್ನೊಂದು ದ್ರಾಕ್ಷಿಯನ್ನೂ ತೊಳೆದು ತಟ್ಟೆಗೆ ಹಾಕಿದಳು.

"ಹೆಚ್ಚಿ."

ಹೆಚ್ಚಿದೆ. ಉದ್ದಕ್ಕೆ ಎರಡು, ಮತ್ತೆ ಎರಡು. ದ್ರಾಕ್ಷಿ ಜಾರುತ್ತಿತ್ತು. ಮಗಳು ಒಂದು ಸೀಳನ್ನು ಅನುಮಾನದಿಂದ ಬಾಯಿಗಿಟ್ಟುಕೊಂಡು ಅಗಿದಳು. ನಾವು ಮೂವರು ದೊಡ್ಡವರು ಅವಳ ದವಡೆಯನ್ನೇ ನೋಡಿದೆವು. ಕೊನೆಯ ಹಣ್ಣು ಹೆಚ್ಚಿ ಮುಗಿದಾಗ ಹೆಂಡತಿ ತಟ್ಟೆ ಎತ್ತುತ್ತಾ, "ನಾಳೆ ಡಬ್ಬಿಗೆ ಏನ್ ಹಾಕ್ತೀರಾ?" ಎಂದಳು. ತೀರ್ಪು ಬಂದದ್ದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಈಗಲೂ ಡಬ್ಬಿ ಕಟ್ಟುವವನು ನಾನೇ. ಅನ್ನ ಆರಿಸಿ ತುಂಬುತ್ತೇನೆ. ಮುಚ್ಚಳವನ್ನು ಮಗಳ ಕೈಯಲ್ಲೇ ತೆಗೆಸಿ ನೋಡುತ್ತೇನೆ. ಕಡಲೆಬೀಜ ಪುಡಿಯಾಗಿಯೇ ಹೋಗುತ್ತದೆ. ಮುದ್ದೆಯೂ ಹೋಗುತ್ತದೆ, ಆದರೆ ಮಗಳು ಅದನ್ನು ಅಗಿಯುತ್ತಾಳೆ. ನಮ್ಮ ಏಳು ತಲೆಮಾರಿನಲ್ಲಿ ಮುದ್ದೆ ಅಗಿದ ಮೊದಲ ಪ್ರಾಣಿ. ಅಮ್ಮ ಅದನ್ನು ನೋಡಲಾರದೆ ಗೋಡೆ ಕಡೆ ತಿರುಗಿ ಕೂರುತ್ತಾಳೆ. ಹಾಗೆ ಅಗಿಯುತ್ತಾ ಕೂತರೆ ಊಟದ ಹೊತ್ತು ಸಾಲುವುದಿಲ್ಲವಾದ್ದರಿಂದ ಡಬ್ಬಿ ದಿನಾ ಅರ್ಧ ತುಂಬಿಕೊಂಡೇ ವಾಪಸ್ ಬರುತ್ತದೆ. "ಡಬ್ಬಿ?" ಎಂದು ಹೆಂಡತಿ ಕೇಳುತ್ತಾಳೆ. "ಅರ್ಧ ಇದೆ" ಎನ್ನುತ್ತೇನೆ. "ಸದ್ಯ" ಎನ್ನುತ್ತಾಳೆ.

ಉಳಿದ ಅರ್ಧವನ್ನು ಈಗ ಮಗಳ ಎದುರಿಗೇ ಕೂತು ತಿನ್ನುತ್ತೇನೆ, ಅವಳು ಬಾಕಿ ಹಸಿವಿಗೆ ಬೇರೆ ಏನಾದರೂ ತಿನ್ನುತ್ತಿರುತ್ತಾಳೆ. ನಲವತ್ತು ವರ್ಷದ ಅಭ್ಯಾಸ, ಒಮ್ಮೊಮ್ಮೆ ಮುದ್ದೆ ತಾನಾಗಿ ಜಾರಿಬಿಡುತ್ತದೆ. ತಕ್ಷಣ ಅವಳಿಗೆ ಗೊತ್ತಾಗುತ್ತದೆ. ತನ್ನ ತಟ್ಟೆ ಬದಿಗಿಟ್ಟು ಬಂದು, ಆಯಾ ಮಾಡುವ ಹಾಗೆ ನನ್ನ ಗಲ್ಲ ಹಿಡಿದು, "ಆ ಅನ್ನು. ತೋರ್ಸು. ಅಗಿದ್ಯಾ?" ಎನ್ನುತ್ತಾಳೆ.

"ಇಲ್ಲಮ್ಮ" ಎನ್ನುತ್ತೇನೆ.

"ನೀನು ಅಗೀಬೇಕು ಅಪ್ಪ. ಇಲ್ದಿದ್ರೆ ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ಗುದ್ದಕ್ಕೆ ನನ್ ಕೈಲಿ ಆಗಲ್ಲ."

ನಾನು ಅಗಿಯುತ್ತೇನೆ.